ಪಾಂದೆಲೆ ಕರಗಿದ ಬೇಸಿಗೆ

ಪಾಂದೆಲೆಯ ಬೂಟಿನ ಲೇಸು ಬಿಚ್ಚಿಕೊಂಡದ್ದು ಹೊಸ ವರ್ಷ ಕಳೆದ ಮೇಲೆ, ಬಸ್ ನಿಲ್ದಾಣದಲ್ಲಿ, ಇಟಲಿಗೆ ಹೋಗುವ ಬಸ್ಸು ಹೊರಡುವ ಹೊತ್ತಿಗೆ. ಬಿಚ್ಚಿದ ಲೇಸು ಕಟ್ಟುವುದು ಮಹಾ ಕೆಲಸವೇನಲ್ಲ. ಬಗ್ಗಬೇಕು, ಕಟ್ಟಬೇಕು, ಏಳಬೇಕು. ಪಾಂದೆಲೆ ಬಗ್ಗಿದ. ಅರ್ಧ ದಾರಿಯಲ್ಲಿ ಅವನದೇ ಹೊಟ್ಟೆ ಅವನನ್ನು ತಡೆದು ನಿಲ್ಲಿಸಿತು. ಉಸಿರು ಬಿಗಿಹಿಡಿದು ಇನ್ನೊಂದು ಪಕ್ಕದಿಂದ ಪ್ರಯತ್ನಿಸಿದ. ಹೊಟ್ಟೆ ಆ ಪಕ್ಕದಲ್ಲೂ ಇತ್ತು.

ಹೆಂಡತಿ ಸಾಂದಾ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ಕೆಳಗಿಳಿದಳು. ಚೀಲ ಕೆಳಗಿಟ್ಟಳು. ಹಿಮದ ಕೆಸರಿನಲ್ಲಿ ಮಂಡಿಯೂರಿ, ಶಾಲೆಗೆ ಹೋಗುವ ಮಗುವಿಗೆ ಕಟ್ಟುವ ಹಾಗೆ ಎರಡು ಗಂಟು ಹಾಕಿ ಕಟ್ಟಿದಳು. ಬಸ್ಸಿನ ಪ್ರತಿ ಕಿಟಕಿಯಲ್ಲೂ ಒಂದೊಂದು ಮುಖ.

"ಸಾಂದಮ್ಮಾ, ಹಾಗೇ ಮೂಗೂ ಒರೆಸಿಬಿಡಿ, ಹೊರಡೋಣ," ಎಂದು ಡ್ರೈವರ್ ಕೂಗಿದ.

ಇಡೀ ಬಸ್ಸು ನಕ್ಕಿತು. ಸಾಂದಾ ಮಾತ್ರ ನಗಲಿಲ್ಲ. ಗಂಡನ ಕೆನ್ನೆ ತಟ್ಟಿ, "ಮೆಟ್ಟಿಲು ಹತ್ತುವಾಗ ಜೋಪಾನ," ಎಂದು ಹೇಳಿ ಬಸ್ಸು ಹತ್ತಿದಳು. ಅವಳು ಇಟಲಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ವರ್ಷಕ್ಕೆ ಎರಡು ಸಲ ಬರುವವಳು, ಕ್ರಿಸ್ಮಸ್‌ಗೊಮ್ಮೆ, ಸೆಪ್ಟೆಂಬರ್ ಮುಗಿಯುವಾಗೊಮ್ಮೆ. ಪಾಂದೆಲೆ ಅದೇ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಆದ್ದರಿಂದ ಲೇಸಿನ ಸುದ್ದಿ ಊರೆಲ್ಲ ಹರಡಲು ಅವನಿಂದ ಟಿಕೆಟ್ ಪಡೆಯಬೇಕಾಗಿರಲಿಲ್ಲ.

ಅಂದೇ ಅವನು ನಿಶ್ಚಯಿಸಿದ. ಸೆಪ್ಟೆಂಬರಿನಲ್ಲಿ ಸಾಂದಾ ಇಳಿದು ಬಂದಾಗ ಎಲ್ಲರ ಎದುರಿಗೆ ತಾನು ಮಂಡಿಯೂರಿ ಅವಳ ಲೇಸು ಕಟ್ಟಬೇಕು. ಲೇಸು ಬಿಗಿಯಾಗಿಯೇ ಇದ್ದರೆ ಬಿಚ್ಚಿ ಕಟ್ಟಬೇಕು.

ಮುಚ್ಚಿಹೋದ ಬಟ್ಟೆ ಗಿರಣಿಯ ನೆಲಮಾಳಿಗೆಯಲ್ಲಿ ಒಕ್ತಾವ್ ಎಂಬವನ ಜಿಮ್ ಇತ್ತು. ಒಂದು ಕಾಲದಲ್ಲಿ ಭಾರ ಎತ್ತುತ್ತಿದ್ದ ಒಕ್ತಾವ್‌ನ ಕತ್ತು ತಲೆಗಿಂತ ಅಗಲ. ದನದ ಸಂತೆಯಲ್ಲಿ ಹಸು ನೋಡುವವರ ಹಾಗೆ ಅವನು ಪಾಂದೆಲೆಯ ಸುತ್ತ ಒಂದು ಸುತ್ತು ಬಂದ. ಭುಜ ಒತ್ತಿದ, ತೊಡೆ ತಟ್ಟಿದ.

"ಒಳಗೊಬ್ಬ ಗಂಡಸಿದಾನೆ. ಹೊರಗೆ ತೆಗೀಬಹುದು," ಎಂದ. "ಆದ್ರೆ ಕೇಳು. ಬರೀ ಉಪವಾಸ ಮಾಡಿದ್ರೆ ಕೊಬ್ಬೂ ಹೋಗುತ್ತೆ, ಮಾಂಸಖಂಡಾನೂ ಹೋಗುತ್ತೆ, ಗೂಟಕ್ಕೆ ನೇತುಹಾಕಿದ ಕೋಟಿನ ಥರ ಆಗ್ತೀಯ. ನಮಗೆ ಬೇಕಾಗಿರೋದು ಕೊಬ್ಬು ಹೋಗಿ ಖಂಡ ಉಳಿಯೋದು. ಮೊದಲು ಎತ್ತು, ಬೆಳೆಸು. ಬೇಸಿಗೆ ಬಂದಮೇಲೆ ಕರಗಿಸೋಣ. ಸೆಪ್ಟೆಂಬರಲ್ಲಿ ಜಿಲ್ಲಾ ಮೈಕಟ್ಟಿನ ಸ್ಪರ್ಧೆ ಇದೆ. ನಲವತ್ತು ದಾಟಿದೋರ ವಿಭಾಗ. ನಿಲ್ತೀಯ."

"ನಾನಾ? ವೇದಿಕೆ ಮೇಲಾ?"

"ಜನ ನೋಡ್ತಾರೆ ಅಂತ ಗೊತ್ತಿಲ್ದೆ ಯಾವನೂ ನಿಜವಾಗಿ ಕರಗಲ್ಲ."

ಪಾಂದೆಲೆ ಹೂಂ ಎಂದ. ವೇದಿಕೆಯ ಮೇಲೆ ಅಂಗೈಯಗಲದ ಚಡ್ಡಿಯೊಂದನ್ನು ಬಿಟ್ಟು ಬೇರೇನನ್ನೂ ಹಾಕುವಂತಿಲ್ಲ ಎನ್ನುವುದು ಅವನಿಗೆ ಆಮೇಲೆ ತಿಳಿಯಿತು. ತಿಳಿದ ಕೂಡಲೇ ಅವನು ಮಾಡಿದ ಮೊದಲ ಕೆಲಸ, ಈ ವಿಷಯ ಯಾರಿಗೂ ಹೇಳಬಾರದೆಂದು ಆಣೆಯಿಟ್ಟುಕೊಂಡದ್ದು. ಅತ್ತೆಗೆ ತಿಳಿದರೆ ಅಂದೇ ಇಟಲಿಗೆ ಫೋನು ಹೋಗುತ್ತದೆ. ಕಟ್ಟಡದ ಬಾಗಿಲ ಮುಂದಿನ ಹರಟೆಯ ಬೆಂಚಿಗೆ ತಿಳಿದರೆ ಇಟಲಿಗೂ ಆಚೆ ಹೋಗುತ್ತದೆ.

ಚಳಿಗಾಲವೆಲ್ಲ ಎತ್ತಿದ, ಬೆಳೆಸಿದ. ದಪ್ಪ ಕೋಟಿನೊಳಗೆ ಯಾರಿಗೂ ಏನೂ ಕಾಣಲಿಲ್ಲ. ಬೇಸಿಗೆಗೆ ಕರಗಿಸುವ ಕಾಲ ಬಂತು. ಮೊಟ್ಟೆಯ ಬಿಳಿ, ಬೇಯಿಸಿದ ಕೋಳಿಯ ಎದೆ, ಸೌತೆಕಾಯಿ, ಉಪ್ಪಿಲ್ಲದೆ ಬೇಯಿಸಿದ ಇಡೀ ಗೋಧಿ. ಎಣ್ಣೆ ಇಲ್ಲ, ಬೆಣ್ಣೆ ಇಲ್ಲ, ಬ್ರೆಡ್ ಇಲ್ಲ, ಪ್ಲಮ್ ಸಾರಾಯಿಯ ವಾಸನೆಯೂ ಇಲ್ಲ.

ಈ ವ್ರತಕ್ಕೆ ಒಂದೇ ಅಡ್ಡಿಯಿತ್ತು. ಅಡ್ಡಿಯ ಹೆಸರು ಲಿಕ್ಸಾಂದ್ರಾ.

ಸಾಂದಾಳ ತಾಯಿ ಲಿಕ್ಸಾಂದ್ರಾ ಅದೇ ಕಟ್ಟಡದ ನೆಲಮಹಡಿಯಲ್ಲಿದ್ದಳು. ಪಾಂದೆಲೆಯ ಮನೆ ನಾಲ್ಕನೆಯ ಮಹಡಿ. ಅಳಿಯನನ್ನು ಹಸಿದಿರಲು ಬಿಡುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟಿದ್ದಳು. ಊದಿದ ಕಾಲುಗಳಲ್ಲಿ, ಮಹಡಿಗೊಮ್ಮೆ ನಿಂತು ಸುಧಾರಿಸಿಕೊಂಡು, ದಿನವೂ ಬುಟ್ಟಿ ಹಿಡಿದು ಹತ್ತಿ ಬರುವಳು. ಬುಟ್ಟಿಯಲ್ಲಿ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿದ ಸಾರ್ಮಾಲೆ, ಮೇಲೆ ಕೆನೆ. ಜೋಳದ ಮುದ್ದೆ, ಅದರ ನಡುವೆ ಕರಗುವ ಚೀಸು. ಆಕ್ರೋಡು ತುಂಬಿದ ಸಿಹಿ ಬ್ರೆಡ್ಡು.

"ತಿನ್ನು ಕಂದ. ನಿನ್ನ ಮುಖ ನೋಡು, ಹಿಂಡಿದ ನಿಂಬೆಹಣ್ಣಿನ ಥರ ಆಗಿದೆ."

ಆ ಮುದುಕಿಯ ಕೈಯಲ್ಲಿನ ಬುಟ್ಟಿಗೆ 'ಬೇಡ' ಎನ್ನುವಷ್ಟು ಎದೆಗಾರಿಕೆ ಪಾಂದೆಲೆಗಿರಲಿಲ್ಲ. ಒಕ್ತಾವ್ ಬೆಳೆಸುತ್ತಿದ್ದ ಎದೆ ಈ ಕೆಲಸಕ್ಕೆ ಬರುವಂಥದ್ದಲ್ಲ. ಬುಟ್ಟಿ ಇಸಿದುಕೊಳ್ಳುವನು, ಬಾಗಿಲು ಹಾಕುವನು, ವಾಸನೆ ಮೂಗಿಗೆ ಬಡಿಯದಂತೆ ಕಿಟಕಿಯಲ್ಲಿ ತಲೆ ಹಾಕಿ ನಿಲ್ಲುವನು. ಬಿಸಾಡುವುದಂತೂ ಸಾಧ್ಯವಿಲ್ಲ. ಬೇಯಿಸಿದವಳ ಕಾಲು ಕಣ್ಣ ಮುಂದೆ ಬರುತ್ತಿತ್ತು.

ಒಂದು ಶನಿವಾರ ಅವನು ಸಾರ್ಮಾಲೆಯನ್ನು ಒಳ್ಳೆಯ ತಟ್ಟೆಯೊಂದಕ್ಕೆ ಹಾಕಿ, ಎದುರು ಮನೆಯ ಪ್ರೊಫಿರಾಳ ಬಾಗಿಲು ತಟ್ಟಿದ. ಪ್ರೊಫಿರಾ ವಿಧವೆ, ಬೆಂಚಿನ ಒಡತಿ. ಅವಳಿಗೆ ತಿಳಿಯದೆ ಆ ಕಟ್ಟಡದಲ್ಲಿ ಹಾಲೂ ಉಕ್ಕುತ್ತಿರಲಿಲ್ಲ.

"ಚಿಕ್ಕಮ್ಮಾ, ಬಿಸಿ ಇದೆ, ತಗೊಳ್ಳಿ."

"ಏನಪ್ಪ ವಿಶೇಷ?"

"ಏನಿಲ್ಲ. ನನಗಿನ್ನು ಇದೆಲ್ಲ ಬೇಕಾಗಲ್ಲ."

ಪ್ರೊಫಿರಾ ತಟ್ಟೆ ನೋಡಿದಳು. ಅವನ ಗುಳಿಬಿದ್ದ ಕೆನ್ನೆ ನೋಡಿದಳು. ಶನಿವಾರ ಎಂಬುದು ನೆನಪಾಯಿತು. ನಮ್ಮ ಕಡೆ ಶನಿವಾರ ಸತ್ತವರ ದಿನ. ಅವರ ಹೆಸರಿನಲ್ಲಿ ನೆರೆಹೊರೆಗೆ ಊಟ ಕೊಡುತ್ತಾರೆ. ಅದು ಪೊಮಾನಾ. ಕೊಟ್ಟದ್ದು ಪರಲೋಕದಲ್ಲಿರುವವರಿಗೆ ತಲುಪುತ್ತದೆ. ಊಟದ ಜೊತೆ ತಟ್ಟೆಯೂ ಹೋಗುತ್ತದೆ, ಮತ್ತು ಆ ತಟ್ಟೆಯನ್ನು ಯಾರೂ ಹಿಂದಕ್ಕೆ ಕೊಡುವುದಿಲ್ಲ.

"ದೇವರು ಕ್ಷಮಿಸಲಿ," ಎಂದಳು ಪ್ರೊಫಿರಾ, ಪೊಮಾನಾ ತೆಗೆದುಕೊಳ್ಳುವವರು ಸತ್ತವರಿಗಾಗಿ ಹೇಳುವ ಹಾಗೆ, ಎದೆಯ ಮೇಲೆ ಶಿಲುಬೆಯ ಗುರುತು ಮಾಡುತ್ತ.

"ಯಾರನ್ನ?" ಎಂದು ಪಾಂದೆಲೆ ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಹಸಿದ ಹೊಟ್ಟೆಯಲ್ಲಿ ಮನುಷ್ಯನ ತಲೆಗೆ ಒಂದು ಸಲಕ್ಕೆ ಒಂದೇ ಯೋಚನೆ ಹಿಡಿಸುತ್ತದೆ. ಪಾಂದೆಲೆಯ ತಲೆಯಲ್ಲಿ ಕೋಳಿಯ ಎದೆ ಮಾತ್ರ ಇತ್ತು. ಹುಟ್ಟಿದಂದಿನಿಂದ ನೋಡಿದ್ದ ಪದ್ಧತಿ ಅವನಿಗೆ ಹೊಳೆಯಲೇ ಇಲ್ಲ. ಮರುದಿನ ಮುದ್ದೆ ಎರಡನೆಯ ಮಹಡಿಗೆ ಹೋಯಿತು, ಅದರ ಮರುದಿನ ಸಿಹಿ ಬ್ರೆಡ್ಡು ಮೊದಲನೆಯ ಮಹಡಿಗೆ. ಉಳಿದ ಮೊಟ್ಟೆಯ ಹಳದಿಯನ್ನೆಲ್ಲ ಅತ್ತೆಗೆ ಕೊಟ್ಟ. ಅವಳು ಅದರಿಂದ ಇನ್ನಷ್ಟು ಸಿಹಿ ಬ್ರೆಡ್ಡು ಮಾಡಿ ಮೇಲೆ ತಂದಳು. ಅವನು ಅದನ್ನು ಇನ್ನೊಂದು ತಟ್ಟೆಯಲ್ಲಿಟ್ಟು ಕೆಳಗೆ ಕಳಿಸಿದ. ಹೀಗೆ ಆ ಹಳದಿ ಇಡೀ ಬೇಸಿಗೆ ಕಟ್ಟಡದಲ್ಲಿ ಹತ್ತುತ್ತ ಇಳಿಯುತ್ತ ಇತ್ತು.

ತಟ್ಟೆಗಳು ಮಾತ್ರ ಹೋದ ದಾರಿಯಲ್ಲಿ ಬರಲಿಲ್ಲ. ಮದುವೆಯಲ್ಲಿ ಬಂದ ಹೂವಿನಂಚಿನ ತಟ್ಟೆಗಳೂ ಹೋದವು. ಪಾಂದೆಲೆ ಪಾತ್ರೆಯ ಮುಚ್ಚಳದಲ್ಲಿ ಊಟ ಮಾಡತೊಡಗಿದ. ಇಷ್ಟು ವರ್ಷ ಒಳ್ಳೆಯವರಾಗಿದ್ದ ನೆರೆಯವರೆಲ್ಲ ಒಂದೇ ಬೇಸಿಗೆಯಲ್ಲಿ ಕಳ್ಳರಾದದ್ದು ಹೇಗೆಂದು ಅವನಿಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆ.

ಆಮೇಲೆ ಗೋಧಿಯ ಪ್ರಸಂಗ. ಮೂಲೆಯ ಅಂಗಡಿಯಲ್ಲಿ ಇಡೀ ಗೋಧಿ ಇರುವುದು ಮೇಣದಬತ್ತಿಗೂ ಧೂಪಕ್ಕೂ ನಡುವೆ. ಯಾಕೆಂದರೆ ನಮ್ಮ ಕಡೆ ಗೋಧಿಯನ್ನು ಇಡಿಯಾಗಿ ಬೇಯಿಸುವುದು ಒಂದೇ ಕಾರಣಕ್ಕೆ. ಸಕ್ಕರೆ, ಆಕ್ರೋಡು ಬೆರೆಸಿ ಕೊಲಿವಾ ಮಾಡಿ ಸತ್ತವರ ಹೆಸರಿನಲ್ಲಿ ಹಂಚಲು.

"ಅಯ್ಯೋ, ಯಾರಿಗಣ್ಣ?" ಎಂದಳು ಅಂಗಡಿಯವಳು, ಧ್ವನಿ ತಗ್ಗಿಸಿ.

"ನನಗೇ."

"ನಿಮಗೇ?"

"ಹೂಂ, ಒಬ್ಬನಿಗೇ. ಸೆಪ್ಟೆಂಬರಿನ ತನಕ ಆಗೋಷ್ಟು ಕೊಡಿ. ಆಮೇಲೆ ಬೇಕಿಲ್ಲ."

ಅವಳು ಗೋಧಿ ತೂಗಿ ಕಟ್ಟಿದಳು. ಚೀಲದೊಳಗೆ ಎರಡು ಮೇಣದಬತ್ತಿಯನ್ನೂ ಸೇರಿಸಿದಳು.

"ನಾನು ಬತ್ತಿ ಕೇಳಲಿಲ್ವಲ್ಲಮ್ಮ."

"ಇರಲಿ ಅಣ್ಣ, ನನ್ನ ಕಡೆಯಿಂದ."

ಗೋಧಿಯ ಜೊತೆ ಬತ್ತಿ ಉಚಿತ ಕೊಡುವ ಕಂಪನಿ ಯಾವುದಿರಬಹುದೆಂದು ಪಾಂದೆಲೆ ದಾರಿಯುದ್ದಕ್ಕೂ ಪೊಟ್ಟಣ ತಿರುಗಿಸಿ ನೋಡಿದ.

ಜುಲೈ ಕಳೆಯುವ ಹೊತ್ತಿಗೆ ಅವನ ಪ್ಯಾಂಟುಗಳು ಸೊಂಟದಲ್ಲಿ ನಿಲ್ಲದಾದವು. ಮೂರನೆಯ ಮಹಡಿಯ ಇಲಾರಿಯೆ ಒಳ್ಳೆ ಗಾತ್ರದ ಮುದುಕ, ಬಡಗಿ. ಬೀರು, ಬಾಗಿಲು ಮಾಡುತ್ತಿದ್ದವನು ಕಣ್ಣು ಮಂಜಾದ ಮೇಲೆ ಶಿಲುಬೆ, ಶವಪೆಟ್ಟಿಗೆ ಮಾತ್ರ ಮಾಡುತ್ತಿದ್ದ. ಅಲ್ಲಿ ಯಾರೂ ತಪ್ಪು ಹುಡುಕುವುದಿಲ್ಲವೆಂದು ಅವನೇ ಹೇಳುತ್ತಿದ್ದ. ಪಾಂದೆಲೆ ತನ್ನ ಬಟ್ಟೆಗಳನ್ನೆಲ್ಲ ತೋಳ ತುಂಬ ಹೊತ್ತು ಅವನ ಮನೆಗೆ ಹೋದ.

"ಇಲಾರಿಯೆ ಮಾವ, ನಿಮಗೆ ಸರಿಹೋಗುತ್ತೆ. ಇಟ್ಕೊಳ್ಳಿ."

ಮುದುಕ ಒಂದೊಂದನ್ನೇ ಮುಟ್ಟಿ ನೋಡಿದ. "ಇದು ನಿನ್ನ ಮದುವೆ ಸೂಟಲ್ವೇನೋ! ಇದನ್ನೂ ಕೊಟ್ಬಿಟ್ರೆ ನಿನಗೆ ಯಾವುದು ಹಾಕೋದು... ಅಂದ್ರೆ... ಆ ದಿನ?"

ಆ ದಿನ ಎಂದರೆ ಸ್ಪರ್ಧೆಯ ದಿನ. ಮುದುಕನಿಗೆ ಹೇಗೋ ಗೊತ್ತಾಗಿಬಿಟ್ಟಿದೆ ಎಂದು ಪಾಂದೆಲೆ ಬೆಚ್ಚಿದ. ಆದರೆ ಇಲಾರಿಯೆ ಬಾಯಿ ಬಿಡುವವನಲ್ಲ.

"ಆ ದಿನ ಬಟ್ಟೆ ಯಾಕೆ ಮಾವ," ಎಂದು ಪಿಸುಗುಟ್ಟಿದ. "ಒಂದು ಚಡ್ಡಿ ಸಾಕು."

ಇಲಾರಿಯೆ ಟೋಪಿ ತೆಗೆದ. ಎಷ್ಟೋ ಜನರನ್ನು ಕಂಡವನು. ಇಷ್ಟು ಸರಳ ಜೀವವನ್ನು ಕಂಡಿರಲಿಲ್ಲ.

"ಇನ್ನೊಂದು ಉಪಕಾರ ಆಗಬೇಕು ಮಾವ. ಟೇಪಿದೆಯಲ್ಲ, ಭುಜದ ಅಳತೆ ತೆಗೀರಿ. ಒಬ್ಬನೇ ತಗೊಳ್ಳೋಕಾಗಲ್ಲ."

ಮುದುಕನ ಕಣ್ಣು ತುಂಬಿತು. ಆದರೂ ಕಸುಬು ಕಸುಬೇ. ಭುಜ ಅಳೆದ, ಎದೆ ಅಳೆದ. ಆಮೇಲೆ ನೆತ್ತಿಯಿಂದ ಹಿಮ್ಮಡಿಯವರೆಗೂ ಅಳೆದ.

"ಉದ್ದ ಬೇಕಾಗಿರಲಿಲ್ಲ ಮಾವ."

"ಅದೇ ಮುಖ್ಯ ಕಣಪ್ಪ."

"ಮುಂದಿನ ತಿಂಗಳು ಬರ್ತೀನಿ, ಇನ್ನೂ ಕಮ್ಮಿ ಆಗಿರುತ್ತೆ."

"ಬಾ ಮಗ, ಬಾ. ನಾನು ಮೊದಲೇ ಮರ ಕುಯ್ಯೋನಲ್ಲ."

ಮರಕ್ಕೂ ತನ್ನ ಭುಜಕ್ಕೂ ಏನು ಸಂಬಂಧವೆಂದು ಯೋಚಿಸುತ್ತ ಪಾಂದೆಲೆ ಮೆಟ್ಟಿಲು ಹತ್ತಿದ. ಎರಡು ಮೆಟ್ಟಿಲಿನ ನಂತರ ಮತ್ತೆ ಕೋಳಿ ನೆನಪಾಯಿತು, ಮರ ಮರೆತುಹೋಯಿತು.

ಆಗಸ್ಟ್ ಬಂತು. ಮಾತೆ ಮರಿಯಮ್ಮನ ಹಬ್ಬಕ್ಕೆ ಮುಂಚಿನ ಉಪವಾಸ. ಕಟ್ಟಡದಲ್ಲಿ ಯಾರೂ ಮಾಂಸ ಮೊಟ್ಟೆ ಮುಟ್ಟುವುದಿಲ್ಲ, ಎಲ್ಲರ ಮನೆಯಲ್ಲೂ ಬ್ರೆಡ್ಡು, ಹುರುಳಿಕಾಯಿ, ದ್ರಾಕ್ಷಿ. ನಾಲ್ಕನೆಯ ಮಹಡಿಯಿಂದ ಮಾತ್ರ ಕೋಳಿ ಬೇಯುವ ವಾಸನೆ ಮೆಟ್ಟಿಲಿಳಿದು ಬೆಂಚಿಗೆ ಬಂದು ಕುಳಿತಿತು. ದೇವರಿಗೆ ಹೆದರುವ ಪಾಂದೆಲೆ ಉಪವಾಸದಲ್ಲಿ ಕೋಳಿ, ಉಪವಾಸವಿಲ್ಲದಾಗ ಉಪವಾಸ! ಲಿಕ್ಸಾಂದ್ರಾ ತಡೆಯಲಾರದೆ ಪಾದ್ರಿ ವಿಸಾರಿಯೊನ್ ಅವರನ್ನು ಕರೆತಂದಳು.

ಪಾದ್ರಿಗಳು ಮುಚ್ಚಳದಲ್ಲಿ ಹರಡಿದ್ದ ಕೋಳಿಯನ್ನೂ ಬೋಳು ಗೋಧಿಯನ್ನೂ ನೋಡಿ ಕುರ್ಚಿಯ ಮೇಲೆ ಕುಳಿತರು.

"ಮಗು, ಇದನ್ನ ತಿನ್ನು ಅಂತ ಡಾಕ್ಟರು ಹೇಳಿದ್ರಾ?"

ಪಾದ್ರಿಗೆ ಸುಳ್ಳು ಹೇಳಬಾರದು, ಗುಟ್ಟೂ ಬಿಡಬಾರದು. ಪಾಂದೆಲೆ ಎರಡರ ನಡುವೆ ತಂತಿಯ ಮೇಲೆ ನಡೆದ.

"ಡಾಕ್ಟರಲ್ಲ ಸ್ವಾಮಿ. ಬೇರೊಬ್ರು. ಅವರು ಹೇಳಿದ ಹಾಗೇ ನಡೀತಿದೀನಿ."

"ಎಷ್ಟು ದಿನ ಅಂತ ಹೇಳಿದಾರೆ?"

"ಸೆಪ್ಟೆಂಬರಿನ ಕೊನೇ ಶನಿವಾರ."

"ಅಷ್ಟು ಖಚಿತವಾಗಿ?"

"ಹೂಂ ಸ್ವಾಮಿ. ಮಧ್ಯಾಹ್ನ ಅಂತ ಹೇಳಿದಾರೆ. ಅಲ್ಲಿಗೆ ಎಲ್ಲ ಮುಗಿಯುತ್ತೆ."

"ಭಯ ಆಗ್ತಿದೆಯಾ?"

ಆ ಚಡ್ಡಿಯನ್ನು ನೆನೆದು ಪಾಂದೆಲೆಗೆ ನಿಜವಾಗಿಯೂ ಕಣ್ಣೀರು ಬಂತು. "ಭಯಕ್ಕಿಂತ ನಾಚಿಕೆ ಸ್ವಾಮಿ. ಅಷ್ಟು ಜನರ ಮುಂದೆ ನಿಲ್ಲಬೇಕಲ್ಲ."

ಪಾದ್ರಿಗಳು ಎದ್ದು ಅವನ ತಲೆಯ ಮೇಲೆ ಕೈಯಿಟ್ಟರು. "ಕಾಯಿಲೆಯವರಿಗೆ ಉಪವಾಸದ ಕಟ್ಟಿಲ್ಲ. ತಿನ್ನು," ಎಂದರು. ಬಾಗಿಲ ಹೊರಗೆ ಲಿಕ್ಸಾಂದ್ರಾ ಬುಟ್ಟಿಯ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಪಾಂದೆಲೆಗೆ ಕೋಳಿ ತಿನ್ನಲು ಅನುಮತಿ ಸಿಕ್ಕಿದ್ದು ಸಂತೋಷವೇ. ಕಾಯಿಲೆ ಯಾರಿಗೆ ಎಂಬುದೊಂದು ತಿಳಿಯಲಿಲ್ಲ.

ಅಂದಿನಿಂದ ಊರೇ ಅವನನ್ನು ಹತ್ತಿಯಲ್ಲಿ ಸುತ್ತಿತು. ಟಿಕೆಟ್ ಕಿಟಕಿಯ ಮುಂದೆ ಜಗಳವಾಡುತ್ತಿದ್ದವರು "ನಿಧಾನ ಸಾರ್, ಮುಂದಿನ ಬಸ್ಸಿಗೆ ಹೋಗ್ತೀವಿ" ಎನ್ನತೊಡಗಿದರು. ಲೇಸಿನ ದಿನ ಕೂಗಿದ್ದ ಆ ಡ್ರೈವರ್ ಬಂದು, "ನನ್ನ ಮಾತನ್ನ ಮನಸ್ಸಿನಲ್ಲಿಟ್ಕೊಂಡು ಹೋಗಬೇಡಿ ಅಣ್ಣ" ಎಂದು ಕೈ ಹಿಡಿದು ಅತ್ತ. ಸ್ಪರ್ಧೆಗೆಂದು ಪಾಂದೆಲೆ ಎದೆ ತೋಳುಗಳ ಕೂದಲು ಬೋಳಿಸಿಕೊಂಡಾಗ ಪ್ರೊಫಿರಾ ಬೆಂಚಿಗೆ ವರದಿ ಕೊಟ್ಟಳು: "ಕೂದಲೂ ಉದುರಿತು ಕಣ್ರೇ."

ಸ್ಪರ್ಧೆಯ ವಾರ ಸಾಂದಾಳ ಫೋನು ಬಂತು.

"ಹೇಗಿದೀಯ? ಧ್ವನಿ ಯಾಕೆ ಸಣ್ಣಗಾಗಿದೆ?"

"ಚೆನ್ನಾಗಿದೀನಿ. ಸಾಂದಾ, ನೀನು ಬರೋ ಹೊತ್ತಿಗೆ ನನ್ನ ಗುರುತೇ ಸಿಗಲ್ಲ ನಿನಗೆ."

"ಏನು ಹಾಗಂದ್ರೆ?"

"ಈಗ ಕೇಳಬೇಡ. ಬಂದು ನೋಡು."

ಸಾಂದಾ ತಾಯಿಗೆ ಫೋನು ಮಾಡಿದಳು. ತಾಯಿ ಮಾತಾಡುವ ಬದಲು ಅತ್ತಳು. ಸಾಂದಾ ಮುದುಕಿಯ ಮನೆಯವರಿಗೆ ಹೇಳಿ ರಜೆಗೆ ಮುಂಚೆಯೇ ಬಸ್ಸು ಹತ್ತಿದಳು.

ಇತ್ತ ಬೆಂಚು ಸಭೆ ಸೇರಿತು. ನಮ್ಮ ಕಡೆ ಇನ್ನೊಂದು ಪದ್ಧತಿಯಿದೆ. ಮಕ್ಕಳಿಲ್ಲದವರು, ಮಕ್ಕಳಿದ್ದೂ ಅವರ ಮೇಲೆ ಭರವಸೆಯಿಲ್ಲದವರು, ಬದುಕಿರುವಾಗಲೇ ತಮ್ಮ ಪೊಮಾನಾ ಮಾಡಿಸಿಕೊಳ್ಳುತ್ತಾರೆ. ತಮ್ಮ ತಿಥಿಯ ಊಟದಲ್ಲಿ ತಾವೇ ಮೊದಲ ತುತ್ತು ತಿಂದರೆ, ಆ ಲೋಕಕ್ಕೆ ಹೋದಾಗ ಊಟ ಸಿದ್ಧವಾಗಿರುತ್ತದೆ. ಪಾಂದೆಲೆಗೆ ಮಕ್ಕಳಿಲ್ಲ.

"ಪಾಪ, ತನ್ನ ಪೊಮಾನಾನ ತಾನೇ ಒಬ್ಬೊಬ್ಬರಿಗೇ ಹಂಚ್ಕೊಂಡು ಬಂದ," ಎಂದಳು ಪ್ರೊಫಿರಾ. "ನಮಗೆ ತೊಂದರೆ ಆಗಬಾರದು ಅಂತ."

"ನಾನು ಬದುಕಿರೋವಾಗ ನನ್ನ ಅಳಿಯ ಕದ್ದು ಪೊಮಾನಾ ಮಾಡ್ಕೋಬೇಕಾ?" ಎಂದಳು ಲಿಕ್ಸಾಂದ್ರಾ, ಕಣ್ಣೊರೆಸಿಕೊಂಡು. "ಆ ಶನಿವಾರ ಬೆಳಗ್ಗೆ, ಅವನು... ಮಧ್ಯಾಹ್ನಕ್ಕೆ ಮುಂಚೆ, ಮೇಜು ಹಾಕ್ತೀನಿ. ಏನೂ ಕಮ್ಮಿ ಆಗಬಾರದು."

ಶನಿವಾರ ಬೆಳಗ್ಗೆ ಪಾಂದೆಲೆಗೆ ಲೋಕವೆಲ್ಲ ತೆಳ್ಳಗೆ ತೇಲುತ್ತಿರುವಂತಿತ್ತು. ಚರ್ಮ ಬಿಗಿಯಾಗಲೆಂದು ಒಕ್ತಾವ್ ಹಿಂದಿನ ದಿನದಿಂದ ನೀರನ್ನೂ ನಿಲ್ಲಿಸಿದ್ದ. ಬೆಳಗಾಗುತ್ತಲೇ ಜಿಮ್ಮಿಗೆ ಕರೆಸಿ, ದೀಪದ ಬೆಳಕಿನಲ್ಲಿ ಮಾಂಸಖಂಡ ಎದ್ದು ಕಾಣಲೆಂದು ಮೈಗೆಲ್ಲ ಕಂದು ಬಣ್ಣ ಬಳಿದ. ಬೀರುವಿಗೆ ಮೆರುಗು ಹಚ್ಚುವವರ ಹಾಗೆ ಎರಡು ಸಲ ಬಳಿದು, "ಚಡ್ಡಿ ಎಲ್ಲಿ?" ಎಂದ.

ಚಡ್ಡಿ ಮನೆಯಲ್ಲಿತ್ತು.

ಒಕ್ತಾವ್ ಬಯ್ಯುತ್ತ ಅವನನ್ನು ಕಾರಿನಲ್ಲಿ ತಂದು ಕಟ್ಟಡದ ಮುಂದೆ ಇಳಿಸಿದ. ಪಾಂದೆಲೆ ಕಾಲುದ್ದದ ನಿಲುವಂಗಿ ಸುತ್ತಿಕೊಂಡು ಮೆಟ್ಟಿಲು ಹತ್ತಿದ, ಚಡ್ಡಿ ಹಾಕಿಕೊಂಡು ಇಳಿದ. ಕಟ್ಟಡದ ಹಿಂದಿನ ಅಂಗಳದಿಂದ ಧೂಪದ ವಾಸನೆ ಬಂತು. ಇಣುಕಿದ.

ಉದ್ದನೆಯ ಮೇಜು. ಮೇಜಿನ ಸುತ್ತ ಇಡೀ ಕಟ್ಟಡ, ಎಲ್ಲರೂ ಕಪ್ಪು ಬಟ್ಟೆಯಲ್ಲಿ. ಪ್ರತಿ ತಟ್ಟೆಯ ಪಕ್ಕದಲ್ಲಿ ಒಂದು ಮೇಣದಬತ್ತಿ. ತಟ್ಟೆಗಳು... ಅರೆ, ಹೂವಿನಂಚು! ತನ್ನ ತಟ್ಟೆಗಳು! ಕಳ್ಳರೆಲ್ಲ ಸಾಲಾಗಿ ಸಿಕ್ಕಿಬಿದ್ದರೆಂದು ಒಂದು ಕ್ಷಣ ಅವನಿಗೆ ಹಿಗ್ಗಾಯಿತು. ನಡುವೆ ಸಕ್ಕರೆ ಪುಡಿ ಹೊದ್ದ ದೊಡ್ಡ ಕೊಲಿವಾ. ಪಕ್ಕದಲ್ಲಿ ಪೊಮಾನಾದ ದಾನಕ್ಕೆಂದು ಹೊಸ ಅಂಗಿ, ಹೊಸ ಹೂಜಿ, ಟವೆಲ್ಲು. ಗೋಡೆಗೆ ಒರಗಿಸಿದ ಓಕ್ ಮರದ ಶಿಲುಬೆ. ಅದರ ಮೇಲೆ ಅವನ ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ಗೀಟಿನ ಮುಂದೆ ಖಾಲಿ ಜಾಗ. ಶಿಲುಬೆಯ ಪಕ್ಕ ಇಲಾರಿಯೆ, ಪಾಂದೆಲೆಯ ಮದುವೆ ಸೂಟಿನಲ್ಲಿ.

"ಬಂದ," ಎಂದರು ಯಾರೋ. ಎಲ್ಲರೂ ಎದ್ದು ನಿಂತರು. ಅವನ ಕಂದು ಮುಖ ನೋಡಿ ಒಂದು ನಿಟ್ಟುಸಿರು ಮೇಜಿನ ಆ ತುದಿಯಿಂದ ಈ ತುದಿಗೆ ಹರಿಯಿತು.

"ಲಿವರ್ರು ಪೂರ್ತಿ ಹೋಗಿದೆ," ಎಂದು ಪ್ರೊಫಿರಾ ಪಿಸುಗುಟ್ಟಿದಳು.

"ಯಾರು ಹೋದ್ರು?" ಎಂದ ಪಾಂದೆಲೆ ಗಾಬರಿಯಿಂದ.

ಲಿಕ್ಸಾಂದ್ರಾ ಅವನ ಕೈ ಹಿಡಿದಳು. "ಯಾರೂ ಹೋಗಿಲ್ಲ ಕಂದ. ಇದು ನಿನ್ನ ಪೊಮಾನಾನೇ. ಕೂತ್ಕೋ. ಮೊದಲನೇ ತುತ್ತು ನೀನು ತಿನ್ನಬೇಕು."

ಆಗ, ಬೇಸಿಗೆಯ ಆರಂಭದಿಂದ ಕಾದು ನಿಂತಿದ್ದ ಅರ್ಥವೆಲ್ಲ ಒಟ್ಟಿಗೆ ಪಾಂದೆಲೆಯ ತಲೆಗೆ ನುಗ್ಗಿತು. ಶನಿವಾರ, ತಟ್ಟೆ, ಗೋಧಿ, ಬತ್ತಿ, ಟೇಪು, ಮರ.

"ನಾನು ಸಾಯ್ತಿಲ್ಲ!" ಎಂದು ಕೂಗಿದ.

"ಹೂಂ ಕಂದ, ಹೂಂ," ಎಂದರು ಎಲ್ಲರೂ.

"ದೇವರಾಣೆ! ನನಗೆ ಸ್ಪರ್ಧೆ ಇದೆ! ಮೈಕಟ್ಟಿನ ಸ್ಪರ್ಧೆ!"

"ಕೊನೇ ಗಳಿಗೇಲಿ ಹೀಗೇ ಏನೇನೋ ಮಾತು ಬರುತ್ತೆ," ಎಂದ ಇಲಾರಿಯೆ. "ನಮ್ಮಪ್ಪ ಹಡಗಿನ ಕಪ್ತಾನ ಆಗ್ತೀನಿ ಅಂತಿದ್ದ."

ಪಾಂದೆಲೆಗೆ ಬೇರೆ ದಾರಿ ಉಳಿಯಲಿಲ್ಲ. ನಿಲುವಂಗಿ ಬಿಚ್ಚಿ ನಿಂತ.

ಕಂಚಿನ ಬಣ್ಣದ ಮೈ. ಹೊಲದ ಸಾಲುಗಳ ಹಾಗೆ ಹೊಟ್ಟೆ. ಭುಜಗಳು ಎರಡು ಬ್ರೆಡ್ಡಿನ ಹಾಗೆ. ಪ್ರೊಫಿರಾ ಕಣ್ಣು ಮುಚ್ಚಿಕೊಂಡಳು, ಬೆರಳುಗಳ ನಡುವೆ ಸಾಕಷ್ಟು ಜಾಗ ಬಿಟ್ಟು. ಪಾದ್ರಿ ವಿಸಾರಿಯೊನ್ ಆಕಾಶ ನೋಡಿದರು. ಲಿಕ್ಸಾಂದ್ರಾ ಮಾತ್ರ ಹತ್ತಿರ ಬಂದು ಅವನ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಇಷ್ಟೊಂದು ಗಂಟು ಕಟ್ಟಿದೆ. ಒಂದು ಸಲಾನಾದ್ರೂ ಡಾಕ್ಟರಿಗೆ ತೋರಿಸಿದ್ಯಾ ಮಗಾ?"

"ಅದು ಗಂಟಲ್ಲ ಅತ್ತೆ. ಅದೇ ನಾನು," ಎಂದ ಪಾಂದೆಲೆ. ಲೇಸಿನಿಂದ ಶುರುಮಾಡಿ ಎಲ್ಲ ಹೇಳಿದ.

ಕೇಳಿ ಮುಗಿದ ಮೇಲೆ ಮುದುಕಿ ಕುರ್ಚಿಯ ಮೇಲೆ ಕುಸಿದಳು. "ಹಾಗಾದ್ರೆ ನಾನು ಹೊತ್ತು ತಂದದ್ದು ಒಂದು ತುತ್ತೂ ನಿನ್ನ ಬಾಯಿಗೆ ಬೀಳಲಿಲ್ಲ."

ಸಾಯುತ್ತಿಲ್ಲ ಎಂಬುದಕ್ಕಿಂತ ಇದು ದೊಡ್ಡ ಸುದ್ದಿಯಾಗಿತ್ತು. ಪಾಂದೆಲೆಗೆ ಆ ಮುಖ ನೋಡಲಾಗಲಿಲ್ಲ. ಚಮಚ ತೆಗೆದುಕೊಂಡು ಕೊಲಿವಾಕ್ಕೆ ಕೈ ಚಾಚಿದ. ಹೋಗಲಿ ಸ್ಪರ್ಧೆ. ಹೋಗಲಿ ಬೇಸಿಗೆಯ ಬೆವರು.

"ಮುಟ್ಟಬೇಡ!" ಎಂಬ ಗರ್ಜನೆ ಕೇಳಿಸಿತು. ಕಾದು ಬೇಸತ್ತ ಒಕ್ತಾವ್ ಒಳಗೆ ಬಂದಿದ್ದ. "ಏನದು?"

"ಗೋಧಿ," ಎಂದಳು ಲಿಕ್ಸಾಂದ್ರಾ, ಚಮಚವನ್ನು ಕತ್ತಿಯ ಹಾಗೆ ಹಿಡಿದು. "ಸಕ್ಕರೆ, ಜೇನು, ಆಕ್ರೋಡು. ನೀನ್ಯಾವನೋ ತಡೆಯೋಕೆ?"

ಒಕ್ತಾವ್ ಬಗ್ಗಿ ಮೂಸಿದ. ಅವನ ಮುಖ ಸಡಿಲಾಯಿತು. "ಅಮ್ಮಾ, ಇದನ್ನೇ ಹುಡುಕ್ತಿದ್ದೆ ನಾನು! ಇಷ್ಟು ದಿನ ಒಣಗಿಸಿದ ಮೈಗೆ ವೇದಿಕೆ ಹತ್ತೋ ಸ್ವಲ್ಪ ಮುಂಚೆ ಸಿಹಿ ಕೊಟ್ರೆ ಖಂಡಗಳು ತುಂಬ್ಕೊ‍ಳ್ಳುತ್ತೆ. ಈಗಲ್ಲ, ಅಲ್ಲಿ. ಎತ್ಕೊಳ್ಳಿ!"

ಕೊಲಿವಾ ಒಂಟಿಯಾಗಿ ಹೋಗುವಂತಿಲ್ಲ. ಪಾದ್ರಿ ಬೇಕು, ಬತ್ತಿ ಬೇಕು, 'ದೇವರು ಕ್ಷಮಿಸಲಿ' ಎನ್ನುವವರು ಬೇಕು. ಪೊಮಾನಾಕ್ಕೆ ಬಂದಿದ್ದ ಡ್ರೈವರ್ ಓಡಿಹೋಗಿ ಬಸ್ಸು ತಂದ. ಕಪ್ಪು ಬಟ್ಟೆಯ ಇಡೀ ಕಟ್ಟಡ ಬಸ್ಸು ಹತ್ತಿತು. ಶಿಲುಬೆಯನ್ನು ಬಿಟ್ಟುಬರಲು ಇಲಾರಿಯೆ ಒಪ್ಪಲಿಲ್ಲ. ಓಕ್ ಮರ, ಯಾರಾದರೂ ಹೊತ್ತೊಯ್ದರೆ?

ಕ್ರೀಡಾಂಗಣದ ಹಿಂದಿನ ಕೋಣೆಯಲ್ಲಿ ಕಂದು ಬಣ್ಣದ ಗಂಡಸರು ಟವೆಲ್ಲಿನ ಮೇಲೆ ಸಾಲಾಗಿ ಕುಳಿತಿದ್ದರು. ಲಿಕ್ಸಾಂದ್ರಾ ಅಳಿಯನ ಬಾಯಿಗೆ ಮೊದಲ ಚಮಚವಿಟ್ಟಳು. ಅವನು ಕಣ್ಣು ಮುಚ್ಚಿ ಅಗಿದ. ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಆಗ ಪಕ್ಕದ ಗಂಡಸೊಬ್ಬ, ಎತ್ತಿನಂಥ ಆಳು, ಮಗುವಿನ ಧ್ವನಿಯಲ್ಲಿ ಕೇಳಿದ: "ಅಜ್ಜಿ, ಒಂದು ಚಮಚ?"

"ಬಾ ಮಗ." ಅವಳು ತಿನ್ನಿಸಿದಳು. ಇನ್ನೊಬ್ಬ ಬಂದ. ಆಮೇಲೆ ಸಾಲೇ ನಿಂತಿತು. ಒಬ್ಬೊಬ್ಬನೂ ಬಾಯಿ ತೆರೆದ, ನುಂಗಿದ, ಅಭ್ಯಾಸಬಲದಿಂದ "ದೇವರು ಕ್ಷಮಿಸಲಿ" ಎಂದು ಹೇಳಿ ತೋಳು ಉಬ್ಬಿಸಿಕೊಂಡು ಹೋದ.

ಅದೇ ಹೊತ್ತಿಗೆ ಇಟಲಿಯ ಬಸ್ಸಿನಿಂದ ಸಾಂದಾ ಇಳಿದಳು. ಟಿಕೆಟ್ ಕಿಟಕಿ ಮುಚ್ಚಿತ್ತು. "ಎಲ್ಲರೂ ಕ್ರೀಡಾಂಗಣಕ್ಕೆ ಹೋದ್ರಮ್ಮ, ಪಾದ್ರಿಗಳೂ ಹೋದ್ರು," ಎಂದ ಕಸ ಗುಡಿಸುವವನು. ಊರಿನ ಚರ್ಚು ಸಾಲದಷ್ಟು ಜನ ಸೇರಿರಬೇಕೆಂದು ಸಾಂದಾ ಅಳುತ್ತಲೇ ಓಡಿದಳು. ಬಾಗಿಲು ತಳ್ಳಿದಳು. ಮುಂದಿನ ಸಾಲುಗಳಲ್ಲಿ ಕಪ್ಪು ಬಟ್ಟೆ, ಕೈಯಲ್ಲಿ ಬತ್ತಿ. ಗಂಡನ ಹೆಸರಿನ ಶಿಲುಬೆ. ಶಿಲುಬೆಯ ಪಕ್ಕ ಗಂಡನ ಮದುವೆ ಸೂಟು. ನಡುದಾರಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ವೇದಿಕೆಯ ಮೇಲೆ ನಲವತ್ತು ದಾಟಿದ ಐವರು ಬೆನ್ನು ತೋರಿಸಿ ನಿಂತಿದ್ದರು. "ಮುಂದೆ ತಿರುಗಿ," ಎಂದಿತು ಮೈಕು. ತಿರುಗಿದರು. ಪಾಂದೆಲೆ ಕೈಯೆತ್ತಿ ತೋಳು ಬಿಗಿದು, ಹಲ್ಲು ಕಾಣಿಸುತ್ತ ನಿಂತಾಗ ನಡುದಾರಿಯಲ್ಲಿ ಹೆಂಡತಿ ಕಂಡಳು. ಬಿಳಿ ಕ್ಯಾನ್ವಾಸ್ ಬೂಟು, ಅವಸರದಲ್ಲಿ ಹಾಕಿಕೊಂಡದ್ದು. ಎಡಗಾಲಿನ ಲೇಸು ಬಿಚ್ಚಿ ನೆಲದ ಮೇಲೆ ಬಿದ್ದಿತ್ತು.

ತೀರ್ಪುಗಾರರು ಪೆನ್ನು ಹಿಡಿದಿದ್ದರು. ಒಕ್ತಾವ್ ಪರದೆಯ ಹಿಂದಿನಿಂದ "ನಿಲ್ಲೋ, ನಿಲ್ಲೋ" ಎಂದು ಕೂಗುತ್ತಿದ್ದ. ಪಾಂದೆಲೆ ಸಾಲು ಬಿಟ್ಟು ಮೆಟ್ಟಿಲಿಳಿದು ಬಂದ. ಆ ವಿಭಾಗದಲ್ಲಿ ಅವನ ಹೆಸರು ಅಲ್ಲಿಗೆ ಮುಗಿಯಿತು.

ಸಾಂದಾ ತಲೆಯೆತ್ತಿದಳು. ಕಂಚಿನ ಬಣ್ಣದ, ಅಂಗೈಯಗಲದ ಚಡ್ಡಿಯ ಅಪರಿಚಿತನೊಬ್ಬ ಎದುರು ನಿಂತಿದ್ದ.

"ಗುರುತು ಸಿಗಲ್ಲ ಅಂದಿದ್ನಲ್ಲ," ಎಂದಿತು ಗಂಡನ ಧ್ವನಿ.

ಅವನು ಮಂಡಿಯೂರಿದ. ಹೊಟ್ಟೆ ಅಡ್ಡ ಬರಲಿಲ್ಲ. ಇಡೀ ಕ್ರೀಡಾಂಗಣದ ಎದುರು ಲೇಸು ಹಿಡಿದು, ಎರಡು ಗಂಟು ಹಾಕಿ ಕಟ್ಟಿದ. ಬಿಳಿ ಬೂಟಿನ ತುಂಬ ಕಂದು ಬೆರಳಿನ ಗುರುತು. ಡ್ರೈವರ್ ಎದ್ದು ನಿಂತು ಚಪ್ಪಾಳೆ ತಟ್ಟಿದ; ಆಮೇಲೆ ಬೆಂಚು, ಆಮೇಲೆ ಎಲ್ಲರೂ.

ಸಾಂದಾ ಅವನ ಭುಜ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಬೆನ್ನಿಗೊಂದು ಗುದ್ದಿದಳು.

"ಏಳು, ಜನ ನೋಡ್ತಿದಾರೆ."

"ಏಳೋಕಾಗ್ತಿಲ್ಲ ಸಾಂದಾ. ಕಾಲು ಹಿಡ್ಕೊಂಡಿದೆ."

ಸಾಂದಾ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು. ಆಮೇಲೆ ಬಲಗಾಲನ್ನು ಮುಂದಿಟ್ಟಳು.

"ಹಾಗಾದ್ರೆ ಇದನ್ನೂ ಬಿಗಿ ಮಾಡು."